ಹಳೇ ವಾಚಿನ ಡಯಲ್‌ಗೆ ಕೈ ಹಾಕಬೇಡಿ

ತೆಳ್ಳಗಿನ ಹಳೇ ಡ್ರೆಸ್ ವಾಚುಗಳ, ಅಂದರೆ ಒಳ್ಳೆ ಉಡುಪಿನ ಜೊತೆ ಕಟ್ಟುವ ಸರಳ ವಾಚುಗಳ ಮೇಲೆ ಜನರಿಗೆ ಮತ್ತೆ ಮನಸ್ಸಾಗಿದೆ. ಅವನ್ನೇ ರಿಪೇರಿ ಮಾಡಿಕೊಂಡು ಬಂದ ನನಗೆ ಇದಕ್ಕಿಂತ ಖುಷಿ ಇನ್ನೊಂದಿಲ್ಲ. ಆದರೆ ಬರುವ ಪತ್ರಗಳಲ್ಲಿ ಅವೇ ನಾಲ್ಕೈದು ಪ್ರಶ್ನೆಗಳು. ನಾನು ಉತ್ತರ ಬರೆಯುವಷ್ಟರಲ್ಲಿ ಎಷ್ಟೋ ಸಲ ವಾಚು ಆಗಲೇ ಹಾಳಾಗಿರುತ್ತದೆ. ಅದಕ್ಕೇ ಈ ಸಲ ಒಟ್ಟಿಗೆ ಹೇಳಿಬಿಡುತ್ತೇನೆ.

ಪ್ರಶ್ನೆ: 34 ಮಿ.ಮೀ. ಅಗಲದ ವಾಚು ಇಷ್ಟವಾಗಿದೆ. ಆದರೆ ಹೆಂಗಸರ ವಾಚಿನ ಹಾಗೆ ಕಾಣುವುದಿಲ್ಲವೇ?

ಉತ್ತರ: ಇಲ್ಲ. 1950, 60ರ ದಶಕಗಳಲ್ಲಿ ಗಂಡಸರ ವಾಚಿನ ಅಳತೆಯೇ ಅದು. ಒಂದು ವಾರ ಕಟ್ಟಿಕೊಂಡು ಓಡಾಡಿ. ಆಮೇಲೆ ನಿಮ್ಮ ದಪ್ಪ ವಾಚು ಶರ್ಟಿನ ತೋಳಿಗೆ ಸಿಕ್ಕಿಕೊಳ್ಳುವುದು ನಿಮಗೇ ಗೊತ್ತಾಗುತ್ತದೆ.

ಪ್ರಶ್ನೆ: 1950ರ ದಶಕದ ತೆಳ್ಳಗಿನ ಚಿನ್ನದ ವಾಚು ಕೊಂಡಿದ್ದೇನೆ. ಚೆನ್ನಾಗಿ ಓಡುತ್ತಿದೆ. ಆದರೆ ಬೆಳ್ಳಿ ಬಣ್ಣದ ಡಯಲ್ ಹಳದಿಗೆ ತಿರುಗಿದೆ, ಅಂಚಿನಲ್ಲಿ ಸಣ್ಣ ಚುಕ್ಕೆಗಳಿವೆ. ರಿಪೇರಿಯವರು ಡಯಲ್ ಹೊಸದಾಗಿ ಮಾಡಿಸಿ ಕೇಸ್ (ವಾಚಿನ ಹೊರಕವಚ) ಪಾಲಿಶ್ ಹೊಡೆಸಿದರೆ ಹೊಸ ವಾಚಿನ ಹಾಗೇ ಆಗುತ್ತದೆ ಅನ್ನುತ್ತಾರೆ. ಮಾಡಿಸಲೇ?

ಉತ್ತರ: ಬೇಡ. ಎರಡೂ ಬೇಡ.

ಈ ವಾಚನ್ನು ನೀವು ಯಾಕೆ ಇಷ್ಟಪಟ್ಟಿರಿ, ಸ್ವಲ್ಪ ಯೋಚಿಸಿ. ಡೈವಿಂಗ್ ವಾಚಿನಲ್ಲಿ ತಿರುಗುವ ಬೆಜೆಲ್ (ಗಾಜಿನ ಸುತ್ತಲಿನ ಉಂಗುರ) ಇದೆ, ಕ್ರೋನೋಗ್ರಾಫ್‌ನಲ್ಲಿ ಒತ್ತುವ ಗುಂಡಿಗಳಿವೆ, ಒಳಗೆ ಇನ್ನೆರಡು ಮೂರು ಸಣ್ಣ ಡಯಲ್‌ಗಳಿವೆ. ಒಂದು ಮಾಸಿದರೂ ಕಣ್ಣಿಗೆ ಬೇರೆ ಏನಾದರೂ ಸಿಗುತ್ತದೆ. ಡ್ರೆಸ್ ವಾಚಿನಲ್ಲಿ ಇರುವುದೇ ಡಯಲ್, ಮುಳ್ಳುಗಳು, ಕೇಸಿನ ಗೆರೆ, ತೆಳುತನ. ಅಷ್ಟೇ. ಸ್ವಿಸ್ ವಾಚು ಕಂಪನಿ ಪಾಟೆಕ್ ಫಿಲಿಪ್ 1932ರಲ್ಲಿ ತಂದ ರೆಫರೆನ್ಸ್ 96 ಎಂಬ ಮಾದರಿ ನೋಡಿ. ಇವತ್ತು ಕಲಾಟ್ರಾವಾ ಅಂತ ಕರೆಯುವ ಸಾಲಿಗೆ ಅದೇ ಮೊದಲು. ಅಗಲ 31 ಮಿ.ಮೀ. ಆಸುಪಾಸು. ಲಗ್‌ಗಳನ್ನು (ಪಟ್ಟಿ ಸಿಕ್ಕಿಸುವ ಕೊಂಬುಗಳನ್ನು) ಆಮೇಲೆ ಅಂಟಿಸಿದ ಹಾಗಿಲ್ಲ, ಕೇಸಿನ ಬದಿಯೇ ಇಳಿದು ಲಗ್ ಆಗಿದೆ. ಬೆಜೆಲ್ ಚಪ್ಪಟೆ. ಅದರಿಂದ ತೆಗೆಯಲು ಏನೂ ಉಳಿದಿಲ್ಲ. ಇಷ್ಟು ಕಡಿಮೆ ಇರುವ ವಸ್ತುವಿನಲ್ಲಿ ಡಯಲ್ ಕೆಟ್ಟರೆ ಅರ್ಧ ವಾಚು ಹೋಯಿತು. ಕೇಸಿನ ಅಂಚೂ ಸವೆದರೆ ಉಳಿದರ್ಧವೂ ಹೋಯಿತು.

ಈಗ ಡಯಲ್ ವಿಷಯ. ಹಿತ್ತಾಳೆಯ ತಗಡಿನ ಮೇಲೆ ಬೆಳ್ಳಿ ಲೇಪ, ಅದನ್ನು ಕಾಯಲು ತೆಳುವಾದ ಲ್ಯಾಕರ್, ಅಂದರೆ ಪಾರದರ್ಶಕ ಮೆರುಗೆಣ್ಣೆ. ನಿಮ್ಮ ಡಯಲ್ ಹಳದಿಯಾಗಿರುವುದು ಆ ಲ್ಯಾಕರಿಗೆ ವಯಸ್ಸಾಗಿದ್ದರಿಂದ. ತೇವ ನುಸುಳಿದ ಕಡೆ ಚುಕ್ಕೆ ಬಿದ್ದಿದೆ. ಇದು ರೋಗವಲ್ಲ. ಒಳಗೆ ತೇವ ಸೇರದ ಹಾಗೆ ನೋಡಿಕೊಂಡರೆ ಅದು ಬೇಗ ಹರಡುವುದೂ ಇಲ್ಲ. ಹೊಸದು ಮಾಡುವವರು ಏನು ಮಾಡುತ್ತಾರೆ ಗೊತ್ತಾ? ಹಳೇ ಲ್ಯಾಕರ್, ಬೆಳ್ಳಿ, ಅಕ್ಷರ ಎಲ್ಲವನ್ನೂ ರಾಸಾಯನಿಕ ಹಾಕಿ ಕಿತ್ತು, ಮತ್ತೆ ಲೇಪಿಸಿ, ತಮ್ಮ ಹತ್ತಿರ ಇರುವ ಅಚ್ಚಿನಿಂದ ಹೆಸರು ಒತ್ತುತ್ತಾರೆ. ಅದು ನಿಮ್ಮ ವಾಚಿನ ಹೆಸರೇ ಇರಬಹುದು, ಆದರೆ ಅದೇ ಅಕ್ಷರಗಳಲ್ಲ.

ಹೀಗೆ ಹೊಸದಾದ ಒಂದು ವಾಚು ಮೊನ್ನೆ ನನ್ನ ಮೇಜಿಗೆ ಬಂತು. ತಂದವರಿಗೆ ಹೆಮ್ಮೆಯೋ ಹೆಮ್ಮೆ. ಲೂಪ್ ಎಂಬ ಪುಟ್ಟ ಭೂತಗನ್ನಡಿ ಕಣ್ಣಿಗಿಟ್ಟು ನೋಡಿದೆ. ಹೆಸರಿನ ಅಕ್ಷರಗಳು ದಪ್ಪಗಾಗಿ, ಅಂಚು ಒಡೆದಿದ್ದವು. ಕೂರಿಸಿದ ಚಿನ್ನದ ಗಂಟೆಗೆರೆಗಳ ಬುಡದಲ್ಲಿ ಲ್ಯಾಕರ್ ಗುಡ್ಡೆ ಕಟ್ಟಿತ್ತು. ಸೆಕೆಂಡಿನ ಪುಟ್ಟ ವೃತ್ತದೊಳಗೆ ಇರಬೇಕಾದ ಎಳೆ ಎಳೆಯ ಸುತ್ತುಗಳು ಅಳಿಸಿಹೋಗಿದ್ದವು. ಕೆಳಗಡೆ ಸ್ವಿಸ್ ಎನ್ನುವ ಪದದ ಎರಡು ಪಕ್ಕಕ್ಕೂ ಟಿ ಅಕ್ಷರ ಬಂದು ಕೂತಿತ್ತು. ಆ ಟಿ ಅಂದರೆ ಟ್ರಿಟಿಯಂ, ಕತ್ತಲಲ್ಲಿ ಹೊಳೆಯುವ ಬಣ್ಣ ಇದೆ ಅನ್ನುವ ಗುರುತು. ಈ ಡಯಲ್‌ನಲ್ಲೋ ಮುಳ್ಳಿನಲ್ಲೋ ಅಂಥ ಬಣ್ಣದ ಒಂದು ಚುಕ್ಕೆಯೂ ಇರಲಿಲ್ಲ! ಯಾವುದೋ ಬೇರೆ ವಾಚಿನ ಅಚ್ಚು ಒತ್ತಿದ್ದರು. ಇದಕ್ಕೆ ಅವರು ದುಡ್ಡು ಬೇರೆ ಕೊಟ್ಟಿದ್ದರು.

ತೆಳು ವಾಚಿಗೆ ಇನ್ನೊಂದು ತೊಂದರೆಯೂ ಇದೆ. ಡಯಲ್‌ಗೂ ಮುಳ್ಳಿಗೂ, ಮುಳ್ಳಿಗೂ ಗಾಜಿಗೂ ನಡುವೆ ಇರುವ ಜಾಗ ಬಹಳ ಕಡಿಮೆ. ಲ್ಯಾಕರ್ ದಪ್ಪವಾದರೆ ಗಂಟೆ ಮುಳ್ಳು ಡಯಲ್‌ಗೆ ಉಜ್ಜುತ್ತದೆ. ವಾಚು ಆಗಾಗ ನಿಲ್ಲುತ್ತದೆ. ಆಗ ಮೆಷಿನ್ ಕೆಟ್ಟಿದೆ ಅಂತ ಅದನ್ನೂ ಬಿಚ್ಚುತ್ತಾರೆ.

ಆ ಕಾಲದ ಪಾಟೆಕ್ ಡಯಲ್‌ಗಳಲ್ಲಿ ಹೆಸರನ್ನು ಕೆತ್ತಿ, ಆ ಕೆತ್ತನೆಯೊಳಗೆ ಎನಾಮೆಲ್ (ಗಾಜಿನ ಪುಡಿಯ ಬಣ್ಣ) ತುಂಬಿ ಸುಡುತ್ತಿದ್ದರು. ಲೂಪಿನಲ್ಲಿ ನೋಡಿದರೆ ಅಕ್ಷರ ತುಸು ಉಬ್ಬಿರುತ್ತದೆ. ಅದನ್ನು ಉಜ್ಜಿ ತೆಗೆದವರನ್ನು ನಾನು ಕುಶಲಕರ್ಮಿ ಅಂತ ಕರೆಯಲಾರೆ.

ಕೇಸ್ ಪಾಲಿಶ್ ಇದಕ್ಕಿಂತ ಕೆಟ್ಟದ್ದು. ಡಯಲ್‌ನಲ್ಲಿ ಹೋಗುವುದು ಲೇಪ, ಇಲ್ಲಿ ಹೋಗುವುದು ಚಿನ್ನ. ಬಫ್ ಚಕ್ರಕ್ಕೆ ಹಿಡಿದಾಗಲೆಲ್ಲ ಒಂದು ಪದರ ಹೋಗುತ್ತದೆ, ವಾಪಸ್ ಬರುವುದಿಲ್ಲ. ಲಗ್‌ಗಳ ಚೂಪು ಅಂಚು ಹೋಗಿ, ಚೀಪಿ ಬಿಟ್ಟ ಪೆಪ್ಪರ್‌ಮೆಂಟಿನ ಹಾಗಾಗುತ್ತವೆ. ಆ ಕಾಲದ ಸ್ವಿಸ್ 18 ಕ್ಯಾರೆಟ್ ಕೇಸಿನಲ್ಲಿ ಸ್ವಿಟ್ಜರ್ಲೆಂಡಿನ ಸಂಕೇತವಾದ ಹೆಲ್ವೇಷಿಯಾ ಎಂಬ ಹೆಣ್ಣಿನ ತಲೆಯ ಪುಟ್ಟ ಮುದ್ರೆ ಇರುತ್ತದೆ, 14 ಕ್ಯಾರೆಟ್ ಆದರೆ ಅಳಿಲು. ಹೊರಗಡೆ ಇರುವ ಮುದ್ರೆ ಇನ್ನೂ ಚೂಪಾಗಿ ಕಾಣುತ್ತಿದ್ದರೆ ಆ ಕೇಸಿಗೆ ಜಾಸ್ತಿ ಪಾಲಿಶ್ ಬಿದ್ದಿಲ್ಲ ಅಂತ. ಕೊಳ್ಳುವಾಗ ನಾನು ಮೊದಲು ನೋಡುವುದು ಅದನ್ನೇ, ಹೆಸರನ್ನಲ್ಲ.

ಹಾಗಾದರೆ ಏನು ಮಾಡಿಸಬೇಕು? ಮೆಷಿನ್ ಪೂರ್ತಿ ಬಿಚ್ಚಿ ತೊಳೆದು ಎಣ್ಣೆ ಹಾಕಿಸಿ. ಅಕ್ರಿಲಿಕ್ ಗಾಜಾದರೆ ಅದರ ಗೀರು ಉಜ್ಜಿದರೆ ಹೋಗುತ್ತದೆ, ಅದನ್ನು ಮಾಡಿಸಿ. ಎಷ್ಟೋ ಸಲ ಡಯಲ್ ಮಂಕಾಗಿದೆ ಅನ್ನಿಸುವುದು ಈ ಗಾಜಿನಿಂದಲೇ. ಡಯಲ್ ಮುಟ್ಟಬಾರದು, ಕೇಸ್ ಪಾಲಿಶ್ ಮಾಡಬಾರದು ಅಂತ ರಸೀದಿಯಲ್ಲೇ ಬರೆಸಿಕೊಳ್ಳಿ. ಬಾಯಿಮಾತಿಗೆ ಬಿಡಬೇಡಿ. ಎಷ್ಟೋ ಕಡೆ ಸುಮ್ನೆ ಅಭ್ಯಾಸಕ್ಕೆ ಪಾಲಿಶ್ ಹೊಡೆದುಬಿಡುತ್ತಾರೆ, ಅದೂ ಉಪಕಾರ ಮಾಡಿದೆವು ಅಂದುಕೊಂಡು.

ಡಯಲ್ ಚಕ್ಕೆ ಎದ್ದು ಗಂಟೆಯೇ ಓದಲಾಗದ ಸ್ಥಿತಿಯಲ್ಲಿದ್ದರೆ ಮಾತು ಬೇರೆ. ಆಗ ಮಾಡಿಸಿ. ಮೊದಲು ಹಳೆಯದರ ಫೋಟೋ ತೆಗೆದಿಡಿ. ಮುಂದೆ ಮಾರುವಾಗ ಡಯಲ್ ಹೊಸದು ಅಂತ ಮುಚ್ಚಿಡದೆ ಹೇಳಿ. ನಿಮ್ಮ ವಾಚಿಗೆ ಆ ಸ್ಥಿತಿ ಬಂದಿಲ್ಲ.

ಪ್ರಶ್ನೆ: ನಿಂಬೆರಸ, ಟೂತ್‌ಪೇಸ್ಟ್‌ನಿಂದ ಮನೆಯಲ್ಲೇ ಡಯಲ್ ತೊಳೆಯುವ ವಿಡಿಯೋ ನೋಡಿದೆ.

ಉತ್ತರ: ನೋಡಿದ್ದು ಸಾಕು. ಅಕ್ಷರಗಳೂ ಕೊಳೆಯ ಜೊತೆಗೇ ಹೋಗುತ್ತವೆ.

ಪ್ರಶ್ನೆ: ಕೀ ಜಾಸ್ತಿ ಕೊಟ್ಟಿದ್ದಕ್ಕೆ ವಾಚು ನಿಂತಿದೆ ಅಂತ ರಿಪೇರಿಯವರು ಹೇಳಿದರು. ಎಷ್ಟು ಸುತ್ತು ಕೊಡಬೇಕು?

ಉತ್ತರ: ಬೆರಳಿಗೆ ತಡೆ ಸಿಗುವವರೆಗೂ ಕೊಡಿ. ಆಮೇಲೆ ಬಲ ಹಾಕಬೇಡಿ. ಕೀ ತುಂಬಿದ ವಾಚು ನಿಂತಿದೆ ಅಂದರೆ ಒಳಗೆ ಎಣ್ಣೆ ಒಣಗಿದೆ, ಕೊಳೆ ಸೇರಿದೆ, ಅಥವಾ ಯಾವುದೋ ಭಾಗ ಕೆಟ್ಟಿದೆ. ಸ್ಪ್ರಿಂಗ್ ತುಂಬುವುದೇ ಅದರ ಕೆಲಸ ಅಲ್ವಾ? ರಿಪೇರಿಯವರನ್ನು ಬದಲಿಸಿ.

ಪ್ರಶ್ನೆ: ಪೆಟ್ಟಿಗೆಯಲ್ಲೇ ಇದ್ದ, ಒಮ್ಮೆಯೂ ಕಟ್ಟದ ಹಳೇ ವಾಚು. ಸರ್ವಿಸ್ ಬೇಕಿಲ್ಲ ತಾನೇ?

ಉತ್ತರ: ಬೇಕು. ಎಣ್ಣೆ ಪೆಟ್ಟಿಗೆಯೊಳಗೂ ಒಣಗುತ್ತದೆ.

ಪ್ರಶ್ನೆ: ಕಟ್ಟಿಕೊಂಡು ಕೈ ತೊಳೆಯಬಹುದೇ?

ಉತ್ತರ: ಬಿಚ್ಚಿಟ್ಟು ತೊಳೆಯಿರಿ.

ಪ್ರಶ್ನೆ: ಕೊಳ್ಳುವುದಾದರೆ ಅತ್ಯಂತ ತೆಳುವಾದದ್ದನ್ನೇ ಕೊಳ್ಳಬೇಕೆಂದಿದ್ದೇನೆ. ಸರಿಯೇ?

ಉತ್ತರ: ಮೊದಲ ವಾಚಿಗೆ ಸರಿಯಲ್ಲ. ವಾಶೆರಾನ್ ಕಾನ್‌ಸ್ಟಾಂಟಿನ್ 1955ರಲ್ಲಿ ತಂದ 1003 ಮೆಷಿನ್ ದಪ್ಪ 1.64 ಮಿ.ಮೀ. ಪಿಯಾಜೆ 1957ರಲ್ಲಿ ತಂದ 9ಪಿ ಮೆಷಿನ್ ದಪ್ಪ 2 ಮಿ.ಮೀ. ಇವು ಮನುಷ್ಯರ ಕೈ ಮಾಡಿದ ಅತಿ ಸುಂದರ ಕೆಲಸಗಳಲ್ಲಿ ಸೇರುತ್ತವೆ ಅಂತ ನನ್ನ ನಂಬಿಕೆ. ಆದರೆ ಅಷ್ಟು ತೆಳುವಾದಾಗ ಯಾವ ತಪ್ಪಿಗೂ ಜಾಗ ಇರುವುದಿಲ್ಲ. ಎಣ್ಣೆ ಚೂರು ಹೆಚ್ಚಾದರೂ ಹರಿದು ಬೇರೆ ಕಡೆ ಸೇರುತ್ತದೆ, ಒಂದು ಎಳೆ ಧೂಳೂ ಚಕ್ರವನ್ನು ಹಿಡಿಯುತ್ತದೆ. 1976ರಲ್ಲಿ ಜಾನ್ ಲಸಾಲ್ ಕಂಪನಿಯವರು 1.2 ಮಿ.ಮೀ.ಗೆ ಇಳಿಸಿದರು. ಚಕ್ರಗಳನ್ನು ಮೇಲಿನಿಂದ ಹಿಡಿಯುವ ಸೇತುವೆಗಳನ್ನೇ ತೆಗೆದು, ಒಂದೇ ಕಡೆಯಿಂದ ಬಾಲ್ ಬೇರಿಂಗ್ ಮೇಲೆ ನಿಲ್ಲಿಸಿದರು. ಕೈಚಳಕ ದೊಡ್ಡದು. ಆದರೆ ರಿಪೇರಿ ಎಷ್ಟು ಕಷ್ಟವೆಂದರೆ, ಸರಿಮಾಡುವ ಬದಲು ಮೆಷಿನ್ ಪೂರ್ತಿ ಬದಲಿಸುವುದೇ ಸುಲಭವಾಗಿತ್ತು.

ಎರಡೂವರೆಯಿಂದ ಮೂರು ಮಿ.ಮೀ. ಮೆಷಿನ್ ಇರುವ, ಕೀ ಕೊಡುವ ವಾಚು ತೆಗೆದುಕೊಳ್ಳಿ. ಕೈಯಲ್ಲಿ ತೆಳ್ಳಗೇ ಇರುತ್ತದೆ, ರಿಪೇರಿಗೂ ಜನ ಸಿಗುತ್ತಾರೆ. ಹಿಂದಿನ ಮುಚ್ಚಳವನ್ನು ಯಾವತ್ತೂ ಹೆಬ್ಬೆರಳಿನಿಂದ ಒತ್ತಿ ಹಾಕಬೇಡಿ. ತೆಳು ಮುಚ್ಚಳ ಒಳಕ್ಕೆ ಬಗ್ಗಿ ಮೆಷಿನ್‌ಗೆ ತಾಗುತ್ತದೆ. ಅಂಚಿನ ಮೇಲೆ ಮಾತ್ರ ಕೂರುವ, ಅಳತೆಗೆ ಸರಿಯಾದ ಅಚ್ಚಿಟ್ಟು ಪ್ರೆಸ್‌ನಲ್ಲಿ ಮುಚ್ಚಬೇಕು. ಆ ಪ್ರೆಸ್ ಇಲ್ಲದ ಅಂಗಡಿಯಲ್ಲಿ ವಾಚು ಬಿಚ್ಚಲು ಕೊಡಬೇಡಿ.