ಅರ್ಧಕ್ಕೆ ನಿಂತ ಹಳೇ ಪಿಕಪ್: ಮುಗಿಸಿ ಮಾರುವುದಾ, ಹಾಗೇ ಕೊಡುವುದಾ?

ಪ್ರಶ್ನೆ: 1953ರ ಷೆವರ್ಲೆ 3100 ಪಿಕಪ್ ತಗೊಂಡು ಆರು ವರ್ಷ ಆಯ್ತು. ಪೂರ್ತಿ ಬಿಚ್ಚಿದ್ದೇನೆ. ಚಾಸಿಗೆ ಪೇಂಟ್ ಆಗಿದೆ, ಎಂಜಿನ್ ಕೆಲಸ ಮುಗಿದಿದೆ, ಕ್ಯಾಬಿನ್ ಟಿಂಕರಿಂಗ್ ಅರ್ಧಕ್ಕೆ ನಿಂತಿದೆ. ಉಳಿದದ್ದೆಲ್ಲ ಡಬ್ಬಗಳಲ್ಲಿದೆ. ಇನ್ನು ನನ್ನ ಕೈಲಿ ಆಗಲ್ಲ. ಪೇಂಟ್ ಹೊಡೆಸಿ ಮಾರಲಾ, ಬಿಡಿಬಿಡಿಯಾಗಿ ಮಾರಲಾ?

ಉತ್ತರ: ಪೇಂಟ್ ಮಾತ್ರ ಹೊಡೆಸಬೇಡಿ. ಅರ್ಧ ಕೆಲಸದ ಗಾಡಿ ನೋಡಲು ಬರುವವರು ಹೊಳಪು ನೋಡುವುದಿಲ್ಲ, ಅದರ ಕೆಳಗೆ ಏನಿದೆ ಅಂತ ನೋಡುತ್ತಾರೆ. ಕ್ಯಾಬಿನ್ನಿನ ಹಿಂದಿನ ಕೆಳಮೂಲೆ, ಕಾಲಿಡುವ ತಗಡು, ಕ್ಯಾಬಿನ್ ಚಾಸಿ ಮೇಲೆ ಕೂರುವ ಜಾಗ, ಇಲ್ಲೆಲ್ಲ ತುಕ್ಕು ತಿಂದಿರುತ್ತದೆ ಅಂತ ಅವರಿಗೂ ಗೊತ್ತು. ಮ್ಯಾಗ್ನೆಟ್ ಹಿಡಿದು, ಅದು ಅಂಟದ ಕಡೆ ತೂತು ಮುಚ್ಚಲು ಮೆತ್ತಿದ ಪುಟ್ಟಿ ಇದೆಯಾ ಅಂತ ಹುಡುಕುತ್ತಾರೆ. ಹೊಸ ಪೇಂಟ್ ಕಂಡರೆ ಅನುಮಾನ ಜಾಸ್ತಿ. ಬರಿ ತಗಡಿಗೆ ತುಕ್ಕು ಹಿಡಿಯದಂತೆ ಒಂದು ಕೋಟ್ ಎಪಾಕ್ಸಿ ಪ್ರೈಮರ್ ಸಾಕು, ವೆಲ್ಡಿಂಗ್ ಮಾಡಿದ್ದು ಕಾಣುತ್ತಿರಲಿ, ಕೆಲಸಕ್ಕೆ ಮುಂಚಿನ ಫೋಟೋಗಳಿದ್ದರೆ ಅವನ್ನೂ ತೋರಿಸಿ.

ಅದರ ಬದಲು ಒಂದೆರಡು ವಾರಾಂತ್ಯ ಕೂತು ಗಾಡಿಯನ್ನು ಜೋಡಿಸಿ. ಚಕ್ರ ಹಾಕಿ, ಕ್ಯಾಬಿನ್ ಕೂರಿಸಿ, ಮಡ್‌ಗಾರ್ಡ್‌ಗಳನ್ನು ಎರಡೆರಡು ಬೋಲ್ಟಿನಲ್ಲಿ ನಿಲ್ಲಿಸಿ, ಬಾನೆಟ್ ಮೇಲಿಡಿ. ಸಾಮಾನು ಅದೇ, ಆದರೆ ಮೂಲೆಯಲ್ಲಿ ರಾಶಿ ಬಿದ್ದಾಗ ಗುಜರಿಯಂತೆ ಕಂಡದ್ದು ಈಗ ಗಾಡಿಯಂತೆ ಕಾಣುತ್ತದೆ. ಏನು ಕಳೆದಿದೆ ಅಂತ ನಿಮಗೂ ಆಗಲೇ ಗೊತ್ತಾಗುತ್ತದೆ, ತಗೊಂಡವರು ತಳ್ಳಿ ಟ್ರೇಲರ್‌ಗೆ ಹತ್ತಿಸಲೂಬಹುದು.

ಎಂಜಿನ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. 1953ರ ಈ ಪಿಕಪ್‌ಗೆ ಕಂಪನಿಯಿಂದ ಬಂದದ್ದು 216 ಘನ ಇಂಚಿನ ಆರು ಸಿಲಿಂಡರ್ ಎಂಜಿನ್. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಬೇರಿಂಗ್ ಅದರಲ್ಲಿ ಈಗಿನಂತೆ ಕಳಚಿ ಬದಲಿಸುವ ಶೆಲ್ ಅಲ್ಲ, ಬ್ಯಾಬಿಟ್ ಅನ್ನುವ ಮೆತ್ತನೆ ಲೋಹವನ್ನು ಕರಗಿಸಿ ಎರಕ ಹೊಯ್ದದ್ದು. ಆ ಕೆಲಸ ಬಲ್ಲವರು ಈಗ ಕಡಿಮೆ, ಹಾಗಾಗಿ ಯಾರು ಮಾಡಿದರು, ಏನೇನು ಮಾಡಿದರು ಅನ್ನುವ ಬಿಲ್ಲೇ ನಿಮ್ಮ ಆಸ್ತಿ. 1954ರಲ್ಲಿ ಪಿಕಪ್‌ಗೆ ಬಂದ 235 ಎಂಜಿನ್ನನ್ನು ಎಷ್ಟೋ ಜನ ಹಳೇ ಗಾಡಿಗೆ ಕೂರಿಸಿದ್ದಾರೆ, ಅದು ಓಡಿಸಲು ಒಳ್ಳೇದೇ. ಎಂಜಿನ್ ಬ್ಲಾಕ್ ಮೇಲೆ ಎರಕದಲ್ಲೇ ಮೂಡಿಸಿದ ಕಾಸ್ಟಿಂಗ್ ನಂಬರ್ ನೋಡಿ ನಿಮ್ಮದು ಯಾವುದು ಅಂತ ಖಚಿತ ಮಾಡಿಕೊಂಡೇ ಹೇಳಿ. ಸ್ಟ್ಯಾಂಡ್ ಮೇಲಿಟ್ಟು ಸ್ಟಾರ್ಟ್ ಮಾಡಿ ವಿಡಿಯೋ ತೆಗೆಯಲು ಆದರೆ ಇನ್ನೂ ಒಳ್ಳೇದು. ತುಂಬಾ ದಿನ ನಿಂತಿದ್ದರೆ ಮೊದಲು ಸ್ಪಾರ್ಕ್ ಪ್ಲಗ್ ತೆಗೆದು ಸಿಲಿಂಡರ್‌ಗಳಿಗೆ ಸ್ವಲ್ಪ ಎಣ್ಣೆ ಬಿಟ್ಟು ಕೈಯಲ್ಲೇ ತಿರುಗಿಸಿ. ಗಾಡಿಯ ಮೂಲ ವೈರಿಂಗ್, ಸ್ಟಾರ್ಟರ್ ಎಲ್ಲ 6 ವೋಲ್ಟಿನವು, ಮರೆತು 12 ವೋಲ್ಟ್ ಬ್ಯಾಟರಿ ಕೊಡಬೇಡಿ.

ಬಾಗಿಲಿನ ಕಂಬದ ಮೇಲಿರುವ ನಂಬರ್ ಪಟ್ಟಿಯನ್ನು ಯಾವ ಕಾರಣಕ್ಕೂ ಕೀಳಬೇಡಿ. ಆ ಕಾಲದ ಕೆಲವು ಗಾಡಿಗಳು ಎಂಜಿನ್ ನಂಬರಿನ ಮೇಲೆ ನೋಂದಣಿಯಾಗಿವೆ, ಎಂಜಿನ್ ಬದಲಾಗಿದ್ದರೆ ಕಾಗದಕ್ಕೂ ಗಾಡಿಗೂ ತಾಳೆಯಾಗುವುದಿಲ್ಲ. ಜಾಹೀರಾತು ಕೊಡುವ ಮೊದಲೇ ಅದನ್ನು ಸರಿಮಾಡಿಸಿ.

ಬಿಡಿಬಿಡಿಯಾಗಿ ಮಾರುವುದು ಕಾಗದ ಇಲ್ಲದ ಗಾಡಿಗೆ ಸರಿ, ನಿಮ್ಮದಕ್ಕಲ್ಲ. ಎಂಜಿನ್, ಗ್ರಿಲ್, ಮೀಟರ್‌ಗಳು ಬೇಗ ಹೋಗುತ್ತವೆ, ಚಾಸಿ ಮತ್ತು ಅರ್ಧ ಟಿಂಕರಿಂಗ್ ಆದ ಕ್ಯಾಬಿನ್ ನಿಮ್ಮ ಹತ್ತಿರವೇ ಉಳಿಯುತ್ತವೆ.

ಬೆಲೆಯ ಬಗ್ಗೆ ಹೇಳುವುದು ನನಗೂ ಕಷ್ಟವೇ. ಆರು ವರ್ಷದ ದುಡಿಮೆಗೆ ಯಾರೂ ದುಡ್ಡು ಕೊಡುವುದಿಲ್ಲ. ಓಡುವ ಸ್ಥಿತಿಯ ಇದೇ ಮಾಡೆಲ್ ಎಷ್ಟಕ್ಕೆ ಮಾರಾಟವಾಗಿದೆ ನೋಡಿ, ಉಳಿದ ಕೆಲಸಕ್ಕೆ ಗ್ಯಾರೇಜಿನವರು ಕೇಳುವಷ್ಟನ್ನು ಅದರಲ್ಲಿ ಕಳೆಯಿರಿ, ಆಮೇಲೂ ಇನ್ನಷ್ಟು ಇಳಿಯಲು ಸಿದ್ಧರಾಗಿರಿ.

ಡಬ್ಬಗಳಿಗೆ ಚೀಟಿ ಅಂಟಿಸಿ. ಹೊಸದು ತಂದಿದ್ದೀನಿ ಅಂತ ಹಳೇ ಕ್ಲಿಪ್ಪು, ಬ್ರಾಕೆಟ್ಟು, ವೈರಿಂಗ್ ಕಟ್ಟು ಎಸೆಯಬೇಡಿ, ಅಳತೆ ನೋಡಲು ಬೇಕಾಗುತ್ತವೆ. ಕೊಂಡವರಿಗೆ ನಿಮ್ಮ ಫೋನ್ ನಂಬರ್ ಕೊಡಿ. ಬಿಚ್ಚಿದವರು ನೀವು, ಯಾವ ವಾಷರ್ ಎಲ್ಲಿತ್ತು ಅಂತ ಅವರು ಇನ್ಯಾರನ್ನು ಕೇಳಬೇಕು?