ಗುಳಿಗೆಯಲ್ಲಿರುವ ಮೆಗ್ನೀಷಿಯಮ್ ಸ್ಟಿಯರೇಟ್ ವಿಷವಾ?

ಪ್ರಶ್ನೆ: ಅವ್ವನಿಗೆ ಡಾಕ್ಟರು ಕ್ಯಾಲ್ಸಿಯಂ ಗುಳಿಗೆ ಬರೆದುಕೊಟ್ಟಿದ್ದಾರೆ. ಡಬ್ಬಿ ಮೇಲೆ ಮೆಗ್ನೀಷಿಯಮ್ ಸ್ಟಿಯರೇಟ್ ಅಂತ ಇದೆ. ಅದು ವಿಷ, ರೋಗ ತಡೆಯುವ ಶಕ್ತಿ ಹಾಳಾಗುತ್ತದೆ ಅಂತ ವಾಟ್ಸಾಪ್‌ನಲ್ಲಿ ಬಂತು. ಅವ್ವ ಗುಳಿಗೆ ನುಂಗುವುದನ್ನೇ ಬಿಟ್ಟಿದ್ದಾಳೆ. ನಾವು ಮಾಂಸ ತಿನ್ನುವವರೂ ಅಲ್ಲ. ಏನು ಮಾಡಲಿ?
— ಓದುಗರೊಬ್ಬರು, ಕುಷ್ಟಗಿ, ಕೊಪ್ಪಳ ಜಿಲ್ಲೆ

ಉತ್ತರ: ವಿಷದ ಭಯಕ್ಕೆ ಅವ್ವ ಗುಳಿಗೆ ಬಿಡಬೇಕಾಗಿಲ್ಲ. ಆ ಮೆಸೇಜು ಸುಮ್ನೆ ಹೆದರಿಸುವಂಥದ್ದು.

ನಿಮ್ಮ ಕಡೆ ಬೋರ್‌ವೆಲ್ ನೀರು ಗಡಸು ಅಲ್ವಾ? ಸೋಪು ಸರಿಯಾಗಿ ನೊರೆ ಬರುವುದಿಲ್ಲ, ಬಕೆಟ್ ಅಂಚಿಗೆ ಬಿಳಿ ಜಿಡ್ಡು ಕೂರುತ್ತದೆ. ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಮ್ ಸೋಪಿನ ಕೊಬ್ಬಿನ ಆಮ್ಲಗಳ ಜೊತೆ ಸೇರಿ ಆಗುವ ಜಿಡ್ಡು ಅದು, ಅದರಲ್ಲಿ ಈ ಸ್ಟಿಯರೇಟೂ ಇರುತ್ತದೆ. ಕಾರ್ಖಾನೆಯಲ್ಲಿ ಅದನ್ನೇ ಶುದ್ಧವಾಗಿ, ನುಣ್ಣನೆಯ ಪುಡಿ ಮಾಡುತ್ತಾರೆ. ಬೆರಳಲ್ಲಿ ತಿಕ್ಕಿದರೆ ಜಾರುತ್ತದೆ, ನೀರಲ್ಲಿ ಕರಗುವುದಿಲ್ಲ.

ಗುಳಿಗೆ ಮಾಡುವಾಗ ಮದ್ದಿನ ಪುಡಿಯನ್ನು ಸ್ಟೀಲಿನ ಅಚ್ಚಿಗೆ ತುಂಬಿ ಮೇಲಿಂದ, ಕೆಳಗಿಂದ ಪಂಚ್‌ನಲ್ಲಿ ಜೋರಾಗಿ ಒತ್ತುತ್ತಾರೆ. ಜಾರುವ ಪುಡಿ ಇಲ್ಲದಿದ್ದರೆ ಮದ್ದು ಪಂಚ್‌ಗೆ ಅಂಟಿ ಗುಳಿಗೆಯ ಮುಖ ಕಿತ್ತು ಬರುತ್ತದೆ, ಹೊರಗೆ ತಳ್ಳುವಾಗ ಅಂಚು ಒಡೆಯುತ್ತದೆ. ಸಾಮಾನ್ಯವಾಗಿ ತೂಕದ ಶೇ. 1ರ ಆಸುಪಾಸು ಸಾಕು. ಜಾಸ್ತಿ ಹಾಕಿದರೆ, ಅಥವಾ ಜಾಸ್ತಿ ಹೊತ್ತು ಬೆರೆಸಿದರೆ, ಮದ್ದಿನ ಕಣಗಳಿಗೆಲ್ಲ ಜಿಡ್ಡಿನ ಪೊರೆ ಹತ್ತಿ ನೀರು ಒಳಗೆ ಇಳಿಯುವುದಿಲ್ಲ, ಗುಳಿಗೆ ಮೆತ್ತಗಾಗುತ್ತದೆ, ಹೊಟ್ಟೆಯಲ್ಲಿ ಕರಗುವುದೂ ತಡ. ಅದಕ್ಕೇ ಕಟ್ಟಕಡೆಗೆ ಹಾಕಿ ಕೆಲವೇ ನಿಮಿಷ ಬೆರೆಸುತ್ತಾರೆ. ಈ ಪುಡಿಯ ಬಗ್ಗೆ ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದವರು ಗುಳಿಗೆ ಮಾಡುವವರು, ನುಂಗುವ ಅವ್ವ ಅಲ್ಲ.

ರೋಗ ತಡೆಯುವ ಶಕ್ತಿಯ ಮಾತು ಹುಟ್ಟಿದ್ದು 1990ರ ಒಂದು ಪ್ರಯೋಗದಿಂದ. ಇಲಿಯ ಜೀವಕೋಶಗಳನ್ನು ಲ್ಯಾಬಿನ ತಟ್ಟೆಯಲ್ಲಿಟ್ಟು ಸ್ಟಿಯರಿಕ್ ಆಮ್ಲದ (ಈ ಸ್ಟಿಯರೇಟ್‌ನಲ್ಲಿರುವ ಕೊಬ್ಬಿನ ಆಮ್ಲ) ಜೊತೆ ಬೆಳೆಸಿ ನೋಡಿದ್ದರು. ಗುಳಿಗೆ ನುಂಗಿದ ಮನುಷ್ಯರ ಮೇಲೆ ಮಾಡಿದ್ದಲ್ಲ! ಅದೇ ಆಮ್ಲ ತುಪ್ಪದಲ್ಲೂ ಇದೆ. 1 ಗ್ರಾಂ ತೂಕದ ಗುಳಿಗೆಯಲ್ಲಿ ಈ ಸ್ಟಿಯರೇಟ್ ಇರುವುದು ಸುಮಾರು 10 ಮಿಲಿಗ್ರಾಂ. ಬಿಸಿ ಅನ್ನಕ್ಕೆ ಹಾಕುವ ಒಂದು ಚಮಚ ತುಪ್ಪದಲ್ಲಿ ಅದರ ಹತ್ತಾರು ಪಟ್ಟು ಸ್ಟಿಯರಿಕ್ ಆಮ್ಲ ಹೊಟ್ಟೆ ಸೇರುತ್ತದೆ.

ಸಸ್ಯಾಹಾರದ ಪ್ರಶ್ನೆ ಮಾತ್ರ ನ್ಯಾಯವಾದದ್ದು. ಇದನ್ನು ತಾಳೆ ಎಣ್ಣೆಯಿಂದಲೂ ಮಾಡುತ್ತಾರೆ, ಪ್ರಾಣಿ ಕೊಬ್ಬಿನಿಂದಲೂ ಮಾಡುತ್ತಾರೆ. ಡಬ್ಬಿ ಮೇಲೆ ಹಸಿರು ಚುಕ್ಕೆ ಇದೆಯಾ ನೋಡಿ. ಇಲ್ಲದಿದ್ದರೆ ಡಬ್ಬಿ ಮೇಲಿನ ವಿಳಾಸಕ್ಕೆ ಬರೆದು ಕೇಳಿ. ಉತ್ತರ ಒಪ್ಪಿಗೆಯಾಗದಿದ್ದರೆ ಡಾಕ್ಟರನ್ನು ಕೇಳಿ ಬೇರೆ ಕಂಪನಿಯದ್ದು ತನ್ನಿ. ಅಲ್ಲಿಯವರೆಗೆ ಗುಳಿಗೆ ನುಂಗುವುದಾ ಬೇಡವಾ ಅನ್ನುವುದು ಅವ್ವನ ಮನಸ್ಸಿಗೆ ಬಿಟ್ಟದ್ದು, ಆದರೆ ವಿಷ ಅನ್ನುವ ಭಯಕ್ಕೆ ಮಾತ್ರ ಬಿಡುವುದು ಬೇಡ.