ನೀವು ಕೇಳಿದ್ರಿ: ಹಿಂದೆ ಸೈರನ್, ಮುಂದೆ ರೆಡ್ ಸಿಗ್ನಲ್

ಪ್ರಶ್ನೆ: ದಿನಾ ಬೈಕಲ್ಲಿ ಸಿಲ್ಕ್ ಬೋರ್ಡ್ ದಾಟಿ ಕೆಲಸಕ್ಕೆ ಹೋಗ್ತೀನಿ. ಸಿಗ್ನಲ್ಲಲ್ಲಿ ಮುಂದೆ ನಿಂತಿರುವಾಗ ಹಿಂದೆ ಆಂಬುಲೆನ್ಸ್ ಬಡ್ಕೊಳ್ತಾ ಇರತ್ತೆ. ಮುಂದೆ ಹೋದ್ರೆ ಕ್ಯಾಮೆರಾ ಫೈನ್, ನಿಂತ್ರೆ ಹಿಂದಿನವರ ಬೈಗುಳ. ಏನ್ ಮಾಡ್ಲಿ?
– ಓದುಗರು, ಬೊಮ್ಮನಹಳ್ಳಿ

ಉತ್ತರ: ಜಾಗ ಬಿಡಿ, ಆದ್ರೆ ಜಂಕ್ಷನ್ ದಾಟಿ ಓಡ್ಬೇಡಿ. ರೆಡ್ ಇದ್ರೂ ಹುಷಾರಾಗಿ ದಾಟೋ ರಿಯಾಯಿತಿ ಇರೋದು ತುರ್ತು ವಾಹನಕ್ಕೆ, ನಮಗಲ್ಲ, ಅಡ್ಡರಸ್ತೇಲಿ ಗ್ರೀನ್ ಸಿಕ್ಕಿ ಜೋರಾಗಿ ಬರ್ತಿರೋ ಬಸ್ ಡ್ರೈವರ್‌ಗೆ ನಿಮ್ಮ ಹಿಂದೆ ಏನಿದೆ ಅಂತ ಕಾಣೋದೂ ಇಲ್ಲ. ಅಡ್ಡ ಬರೋ ಗಾಡಿ ನೋಡ್ಕೊಂಡು ಸ್ಟಾಪ್ ಲೈನ್‌ನಿಂದ ಒಂದೆರಡು ಬೈಕಿನುದ್ದ ಮುಂದಕ್ಕೆ, ಎಡಕ್ಕೆ ಒತ್ತಿ ನಿಂತ್ಕೊಳ್ಳಿ, ಅಷ್ಟೇ ಸಾಕು. ನೀವು ಅಲುಗಾಡಿದ್ರೆ ತಾನೇ ಹಿಂದಿನ ಕಾರಿನವನು ಅಲುಗಾಡೋದು. ಆಮೇಲೆ ನೋಟಿಸ್ ಬಂದ್ರೆ ಸುಮ್ನೆ ಕಟ್ಬೇಡಿ, ಅದರಲ್ಲಿರೋ ದಿನ, ಟೈಮು ಹಾಕಿ ಟ್ರಾಫಿಕ್ ಪೊಲೀಸರಿಗೆ ಬರೀರಿ, ಅದೇ ಜಂಕ್ಷನ್ನಿನ ವಿಡಿಯೋ ನೋಡಿ ಅಂತ ಕೇಳಿ.

ದಾರಿ ಬಿಡದೇ ಇದ್ರೆ ಏನಾಗತ್ತೆ ಅನ್ನೋದನ್ನೂ ಹೇಳ್ಬಿಡ್ತೀನಿ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ 194ಇ ಸೆಕ್ಷನ್ ಪ್ರಕಾರ 6 ತಿಂಗಳವರೆಗೂ ಜೈಲು, ಇಲ್ಲಾ 10,000 ರೂಪಾಯಿ ದಂಡ, ಇಲ್ಲಾ ಎರಡೂ. ಆದ್ರೆ ನನ್ನ ಕೇಳಿದ್ರೆ ಬೇಕು ಅಂತ ಅಡ್ಡ ನಿಲ್ಲೋರು ಕಮ್ಮಿ, ಗಾಜು ಏರಿಸಿ ಎಸಿ ಹಾಕಿ ಹಾಡು ಹಚ್ಕೊಂಡು ಕೂತು ಸೈರನ್ ಬಂಪರ್ ಹತ್ರ ಬಂದ್ಮೇಲೆ ಗಾಬರಿ ಬೀಳೋರೇ ಜಾಸ್ತಿ. ಇನ್ನು ನಮ್ಮ ಬೈಕಿನೋರು, ಮಿರರ್ ಒಳಗೆ ಮಡಚಿರ್ತಾರೆ, ಇಲ್ಲಾ ಸ್ಟೈಲ್‌ಗೆ ಅಂತ ಬಿಚ್ಚೇ ಹಾಕಿರ್ತಾರೆ! ಆಂಬುಲೆನ್ಸ್ ಮುಂಭಾಗದಲ್ಲಿ ಅಕ್ಷರ ಉಲ್ಟಾ ಬರೆಸೋದು ಮಿರರಲ್ಲಿ ನೆಟ್ಟಗೆ ಕಾಣ್ಲಿ ಅಂತಾನೇ, ಮಿರರ್ ಇಲ್ದೇ ಇದ್ರೆ ಯಾರಿಗೆ ಕಾಣ್ಬೇಕು?

ಪ್ರಶ್ನೆ: ಒಳಗೆ ಪೇಷೆಂಟೇ ಇಲ್ದೆ ಸೈರನ್ ಹಾಕ್ಕೊಂಡು ಹೋಗ್ತಾರೆ. ಅದಕ್ಕೂ ದಾರಿ ಬಿಡ್ಬೇಕಾ?
– ಓದುಗರು, ದಾವಣಗೆರೆ

ಉತ್ತರ: ಬಿಡ್ಲೇಬೇಕು. 108ಕ್ಕೆ ಕಾಲ್ ಬಂದ್ಮೇಲೆ ಪೇಷೆಂಟ್ ಇರೋ ಕಡೆಗೆ ಗಾಡಿ ಖಾಲಿನೇ ತಾನೇ ಹೋಗ್ಬೇಕು? ಹಾರ್ಟ್ ಅಟ್ಯಾಕ್ ಆದೋರು ಮನೇಲಿ ಯಾವ ಟ್ರೀಟ್ಮೆಂಟೂ ಇಲ್ದೆ ಬಿದ್ದಿರೋದು ಆವಾಗ್ಲೇ, ನನ್ನ ಲೆಕ್ಕದಲ್ಲಿ ಖಾಲಿ ಗಾಡಿಗೇ ಅವಸರ ಜಾಸ್ತಿ. ಸೈರನ್ ದುರುಪಯೋಗ ಮಾಡೋರು ಇಲ್ಲ ಅಂತಲ್ಲ, ಅನುಮಾನ ಬಂದ್ರೆ ನಂಬರ್ ನೋಡ್ಕೊಂಡು ಆಮೇಲೆ ಪೊಲೀಸರಿಗೆ ಹೇಳಿ, ರಸ್ತೇಲಿ ಜಡ್ಜ್ ಆಗೋಕೆ ಹೋಗ್ಬೇಡಿ. 2017ರ ಜೂನಲ್ಲಿ ಬೆಂಗಳೂರಿನ ಟ್ರಿನಿಟಿ ಸರ್ಕಲ್ಲಲ್ಲಿ ಟ್ರಾಫಿಕ್ ಎಸ್‌ಐ ನಿಜಲಿಂಗಪ್ಪ ಅವರು ಆಂಬುಲೆನ್ಸ್‌ಗೋಸ್ಕರ ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಅವರ ಕಾನ್ವಾಯನ್ನೇ ತಡೆದ್ರಲ್ಲ, ರಾಷ್ಟ್ರಪತಿಗಳೇ ಕಾದಿದ್ದಾರೆ ಅಂದ್ಮೇಲೆ ನಮ್ದೇನ್ರೀ.

ಪ್ರಶ್ನೆ: ಆಂಬುಲೆನ್ಸ್ ಹಿಂದೇನೇ ಅಂಟ್ಕೊಂಡು ಹೋದ್ರೆ ತಪ್ಪಾ? ಹೇಗೂ ದಾರಿ ಆಗಿರತ್ತಲ್ಲ.
– ಓದುಗರು, ಹುಬ್ಬಳ್ಳಿ

ಉತ್ತರ: ತಪ್ಪು, ಡೇಂಜರ್ ಕೂಡ. ಅದು ಸಡನ್ನಾಗಿ ಬ್ರೇಕ್ ಹಾಕಿದ್ರೆ ಗುದ್ದೋದು ನೀವೇ, ಪಕ್ಕಕ್ಕೆ ಸರಿದೋರು ಆಂಬುಲೆನ್ಸ್ ಹೋಯ್ತು ಅಂತ ವಾಪಸ್ ಲೇನಿಗೆ ಬರೋವಾಗ ಅವರಿಗೆ ಅಡ್ಡ ಸಿಗೋದೂ ನೀವೇ.